ಗಣಿ ತುಂಬಿತು ಸರ್!

ಕಳೆದ ಮಳೆಗಾಲದಲ್ಲಿ ಒಂದು ದಿನ ಏಳನೇ ತರಗತಿಯ ಮೊದಲ ಪಿರಿಯಡ್. ಹೊರಗೆ ಧೋ ಎಂದು ಮಳೆ, ಒಳಗೆ ನಾವು ಬೋರ್ಡಿನ ಮೇಲೆ ತೊಟ್ಟಿ ಮತ್ತು ನಳ್ಳಿಯ ಲೆಕ್ಕ ಬರೆಯುತ್ತಿದ್ದೆವು. ಅದೇ ಹಳೇ ಲೆಕ್ಕ, ಒಂದು ನಳ್ಳಿ ಗಂಟೆಗೆ ಇಷ್ಟು ಲೀಟರ್ ಸುರಿದರೆ ತೊಟ್ಟಿ ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ. ತಿರುಗಿ ನೋಡಿದರೆ ಮೂರನೇ ಬೆಂಚಿನಲ್ಲಿ ಒಬ್ಬ ಹುಡುಗ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದಾನೆ! ಒಂದು ದಿನವಾದರೆ ಇರಲಿ ಎನ್ನಬಹುದು. ಆ ವಾರ ಇದು ಮೂರನೇ ಸಲ.

ಎಬ್ಬಿಸಿ ಕೇಳಿದೆವು. "ಎಂತ ಮಾರಾಯ, ರಾತ್ರಿ ನಿದ್ದೆ ಮಾಡುದಿಲ್ವಾ?"

"ಎರಡು ಗಂಟೆಗೆ ಏಳ್ಲಿಕ್ಕುಂಟು ಸರ್. ಗಣಿ ತುಂಬ್ತದೆ."

ತರಗತಿ ನಕ್ಕಿತು. ನಮಗೆ ಅರ್ಥವಾಗಲಿಲ್ಲ. ಆಮೇಲೆ ಪಕ್ಕದ ಬೆಂಚಿನವರೇ ವಿವರಿಸಿದರು. ಮೊಬೈಲಿನಲ್ಲಿ ಊರು ಕಟ್ಟುವ ಒಂದು ಆಟ. ಆಟದ ಹೆಸರು ಇಲ್ಲಿ ಬೇಡ, ಆ ಜಾತಿಯ ಆಟಗಳು ನೂರಾರು ಇವೆ. ಊರಿನಲ್ಲಿ ಚಿನ್ನದ ಗಣಿಗಳು. ಅವು ನಾವು ಆಡದೆ ಇದ್ದಾಗಲೂ ತಮ್ಮಷ್ಟಕ್ಕೆ ಚಿನ್ನ ತೆಗೆಯುತ್ತಿರುತ್ತವೆ. ಆದರೆ ಪ್ರತಿ ಗಣಿಗೂ ಒಂದು ಮಿತಿ. ಅಷ್ಟು ತುಂಬಿದ ಮೇಲೆ ಗಣಿ ನಿಂತುಬಿಡುತ್ತದೆ. ಯಾರಾದರೂ ಬಂದು ಬೆರಳಿನಿಂದ ಮುಟ್ಟಿ ಚಿನ್ನವನ್ನು ಉಗ್ರಾಣಕ್ಕೆ ಕಳಿಸಿದರೆ ಮಾತ್ರ ಮತ್ತೆ ಕೆಲಸ ಶುರು. ನಮ್ಮ ಹುಡುಗ ರಾತ್ರಿ ಹತ್ತಕ್ಕೆ ಮುಟ್ಟಿ ಮಲಗುತ್ತಾನೆ, ಎರಡಕ್ಕೆ ಅಲಾರಾಂ ಇಟ್ಟು ಏಳುತ್ತಾನೆ, ಮತ್ತೆ ಬೆಳಗ್ಗೆ ಆರಕ್ಕೆ.

ಫೋನ್ ಕಿತ್ತುಕೊಳ್ಳಬೇಕು ಎಂದು ಸ್ಟಾಫ್ ರೂಮಿನಲ್ಲಿ ನಮ್ಮ ಹಿರಿಯ ಟೀಚರೊಬ್ಬರು ಹೇಳಿದರು. ಹೇಳುವುದು ಸುಲಭ. ಹುಡುಗನ ಅಪ್ಪ ಗಲ್ಫಿನಲ್ಲಿ. ಅವರ ಕರೆ ಬರುವುದು ಅದೇ ಫೋನಿಗೆ, ಕೆಲಸ ಮುಗಿಸಿ ಅವರು ಮಾತಾಡುವುದು ತಡರಾತ್ರಿ. ಆ ಮನೆಯಲ್ಲಿ ಫೋನ್ ಎಂದರೆ ಅಪ್ಪ. ಅದನ್ನು ಯಾರು ಕಿತ್ತುಕೊಳ್ಳುವುದು?

ಹಾಗಾಗಿ ನಾವು ಬೇರೆ ಕೆಲಸ ಮಾಡಿದೆವು. ಪುಸ್ತಕದ ತೊಟ್ಟಿಯನ್ನು ಒರೆಸಿ ಹುಡುಗನ ಗಣಿಯನ್ನು ಬೋರ್ಡಿಗೆ ಹಾಕಿದೆವು. ಆ ಲೆಕ್ಕ ನಮ್ಮನ್ನು ಎಲ್ಲಿಗೆ ಕರೆದುಕೊಂಡು ಹೋಯಿತು ಎಂಬುದನ್ನು ಬರೆಯಬೇಕು ಅಂತ ಅವತ್ತಿನಿಂದ ಅಂದುಕೊಳ್ಳುತ್ತಿದ್ದೆವು, ಈಗ ಪುರುಸೊತ್ತಾಯಿತು.

ಅದಕ್ಕೂ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಉಗ್ರಾಣಕ್ಕೆ ಮಿತಿ ಹಾಕುವುದು ಈ ಮೊಬೈಲ್ ಕಾಲದ ಉಪಾಯವೇನೂ ಅಲ್ಲ. 1992ರಲ್ಲಿ ವೆಸ್ಟ್‌ವುಡ್ ಎಂಬ ಅಮೆರಿಕದ ಕಂಪೆನಿ ಹೊರತಂದ 'ಡ್ಯೂನ್ 2'ರಲ್ಲೇ ಇದು ಇತ್ತು. ಮರಳುಗಾಡಿನಿಂದ ಗಾಡಿಯೊಂದು ಮಸಾಲೆ ಬಾಚಿ ತರುತ್ತದೆ, ಅದೇ ಆ ಲೋಕದ ಹಣ. ಇಡಲು ಸೈಲೋ, ಅಂದರೆ ಕಣಜ, ಕಟ್ಟದಿದ್ದರೆ ಹೆಚ್ಚಿಗೆ ಬಂದದ್ದು ನಷ್ಟ. ಅದೇ ಕಂಪೆನಿಯ 'ಕಮಾಂಡ್ ಆ್ಯಂಡ್ ಕಾಂಕರ್' 1995ರಲ್ಲಿ ಬಂತು. ಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ನಾವೂ ಅದನ್ನು ಆಡಿದವರೇ (ಮಕ್ಕಳಿಗೆ ಹೇಳಬೇಡಿ). ಕಣಜ ತುಂಬುತ್ತಾ ಬಂದರೆ ಒಂದು ಹೆಣ್ಣು ದನಿ ಎಚ್ಚರಿಸುತ್ತಿತ್ತು. ಕೂಡಲೇ ಇನ್ನೊಂದು ಕಟ್ಟಬೇಕು, ಇಲ್ಲವೇ ಇದ್ದದ್ದನ್ನು ಖರ್ಚು ಮಾಡಬೇಕು. ವೈರಿ ಬಂದು ಕಣಜ ಒಡೆದರೆ ಒಳಗಿದ್ದದ್ದೂ ಹೋಯಿತು.

ಅದೇ ಕಾಲದ ಎಲ್ಲ ಆಟಗಳೂ ಹೀಗಿರಲಿಲ್ಲ. 1997ರ 'ಏಜ್ ಆಫ್ ಎಂಪೈರ್ಸ್'ನಲ್ಲಿ ಮರ, ಕಲ್ಲು, ಚಿನ್ನ ಎಷ್ಟು ಬೇಕಾದರೂ ಕೂಡಿಡಬಹುದು, ಮಿತಿ ಇದ್ದದ್ದು ಜನಸಂಖ್ಯೆಗೆ ಮಾತ್ರ. ಮನೆ ಕಟ್ಟದೆ ಹೊಸಬರು ಹುಟ್ಟುವುದಿಲ್ಲ. ಅದೇ ವರ್ಷ ಬಂದ 'ಟೋಟಲ್ ಅನೈಹಿಲೇಶನ್' ಎಂಬುದರಲ್ಲಿ ಲೋಹ ಮತ್ತು ವಿದ್ಯುತ್ತು ಹೊಳೆಯ ಹಾಗೆ ಹರಿದು ಬರುತ್ತಿತ್ತು, ಹಾಗೆಯೇ ಹರಿದು ಖರ್ಚಾಗುತ್ತಿತ್ತು. ಉಳಿದದ್ದಕ್ಕೆ ಒಂದು ಸಣ್ಣ ತೊಟ್ಟಿ, ತುಂಬಿದ ಮೇಲೆ ಬಂದದ್ದೆಲ್ಲ ವ್ಯರ್ಥ. ವೆಸ್ಟ್‌ವುಡ್‌ನವರು 2000ದಲ್ಲಿ ತಂದ 'ರೆಡ್ ಅಲರ್ಟ್ 2'ರಲ್ಲಿ ಕಣಜವನ್ನೇ ತೆಗೆದುಹಾಕಿದರು. ಅದರಿಂದ ಆಟದ ರುಚಿ ಸ್ವಲ್ಪ ಕಮ್ಮಿಯಾಯಿತು ಎಂದೇ ನಮ್ಮ ಅಭಿಪ್ರಾಯ. ಎಷ್ಟು ಬಂದರೂ ಇಡಲು ಜಾಗ ಇದೆ ಎಂದಾದರೆ ಯಾವಾಗ ಖರ್ಚು ಮಾಡಬೇಕು ಎಂಬ ಯೋಚನೆಯೇ ಬೇಡವಲ್ಲ? ಅಂದರೆ ನಾವು ಮಿತಿಯ ವಿರೋಧಿಗಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈ ಹಳೇ ಆಟಗಳಲ್ಲಿ ಒಂದು ಗುಣ ಇತ್ತು. ಕಂಪ್ಯೂಟರ್ ಆಫ್ ಮಾಡಿದರೆ ಮರಳುಗಾಡಿನ ಗಾಡಿಯೂ ನಿಂತಿತು, ಕಣಜವೂ ತುಂಬಲಿಲ್ಲ, ವೈರಿಯೂ ಮಲಗಿದ. ಆಟದ ಗಡಿಯಾರ ನಾವು ಕೂತಾಗ ಮಾತ್ರ ಓಡುತ್ತಿತ್ತು.

ಅದು ಬದಲಾದದ್ದು ಅಂತರ್ಜಾಲದ ಆಟಗಳಲ್ಲಿ. 2004ರಲ್ಲಿ ಜರ್ಮನಿಯಿಂದ 'ಟ್ರಾವಿಯನ್' ಬಂತು. ಇನ್‌ಸ್ಟಾಲ್ ಮಾಡುವುದು ಏನೂ ಇಲ್ಲ, ಬ್ರೌಸರಿನಲ್ಲೇ ಆಡುವುದು. ನಿಮ್ಮದೊಂದು ಹಳ್ಳಿ, ಸುತ್ತ ಹದಿನೆಂಟು ಜಾಗ, ಅಲ್ಲಿಂದ ಮರ, ಜೇಡಿಮಣ್ಣು, ಕಬ್ಬಿಣ, ಧಾನ್ಯ ನಾಲ್ಕೂ ಗಂಟೆಯ ಲೆಕ್ಕದಲ್ಲಿ ಬರುತ್ತಲೇ ಇರುತ್ತವೆ. ನೀವು ಆಫೀಸಿನಲ್ಲಿರಿ, ನಿದ್ದೆಯಲ್ಲಿರಿ, ಮದುವೆ ಊಟಕ್ಕೆ ಹೋಗಿರಿ. ಮೊದಲಿಗೆ ಇಡಲು ಜಾಗ ಒಂದೊಂದಕ್ಕೂ 800. ಗಂಟೆಗೆ 50 ಬರುವಾಗ ಅದು ತುಂಬಲು 16 ಗಂಟೆ ಬೇಕು, ಆರಾಮ. ಜಾಗಗಳನ್ನು ಬೆಳೆಸಿ ಗಂಟೆಗೆ 200 ಬರುವ ಹಾಗೆ ಮಾಡಿಕೊಂಡಿರೋ, ಅದೇ 800 ನಾಲ್ಕೇ ಗಂಟೆಗೆ ತುಂಬುತ್ತದೆ. ಬೆಳೆ ಹೆಚ್ಚಾದಷ್ಟೂ ಕೈ ಬಿಡಲಿಕ್ಕಾಗುವುದಿಲ್ಲ! ಆಗ ಉಗ್ರಾಣ ಏರಿಸಬೇಕು. ಇಪ್ಪತ್ತನೇ ಮಟ್ಟಕ್ಕೆ ಹೋದರೆ 80,000 ಹಿಡಿಯುತ್ತದೆ. ಧಾನ್ಯಕ್ಕೆ ಬೇರೆ ಕಣಜ, ಯಾಕೆಂದರೆ ಸೈನಿಕರು ಗಂಟೆಗಂಟೆಗೆ ಉಣ್ಣುತ್ತಾರೆ, ಕಣಜ ಬರಿದಾದರೆ ಹಸಿವಿನಿಂದ ಸಾಯುತ್ತಾರೆ. ನೆರೆಯವನು ರಾತ್ರಿ ದೋಚಿಕೊಂಡು ಹೋಗದಂತೆ ಸ್ವಲ್ಪ ಬಚ್ಚಿಡಲು ನೆಲದಡಿಯ ಗುಂಡಿಯೂ ಉಂಟು.

ಅದರಲ್ಲಿ ನಮಗೆ ಬಹಳ ಹಿಡಿಸಿದ್ದು ಬೇರೆ ಒಂದು ಏರ್ಪಾಡು. ನೀವು ಇಲ್ಲದಾಗ ನಿಮ್ಮ ಹಳ್ಳಿ ನೋಡಿಕೊಳ್ಳಲು ಇಬ್ಬರು ಗೆಳೆಯರನ್ನು ನೇಮಿಸಬಹುದು, ನಿಯಮದೊಳಗೇ. ಅಂದರೆ ಮನುಷ್ಯನಿಗೆ ನಿದ್ದೆ ಬೇಕು ಎಂದು ಆಟ ಕಟ್ಟಿದವರಿಗೆ ಗೊತ್ತಿತ್ತು.

ಇದನ್ನೆಲ್ಲ ಓದುವಾಗ ನಮ್ಮ ಕಾಸರಗೋಡಿನವರಿಗೆ ಸುರಂಗ ನೆನಪಾಗದೆ ಇರಲಿಕ್ಕಿಲ್ಲ. ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ಹಗಲೂ ರಾತ್ರಿ ಸಣ್ಣಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಿಯ ಹತ್ತಿರ ಮಣ್ಣಿನ ಕೆರೆಯೊಂದು ಇರುತ್ತದೆ, ಅಲ್ಲಿಗೆ ಅಡಿಕೆ ದಂಬೆಯಲ್ಲಿ ನೀರು ಇಳಿಯುತ್ತದೆ. ರಾತ್ರಿಯಿಡೀ ತುಂಬಿದ್ದನ್ನು ಬೆಳಗ್ಗೆ ತೂಬು ತೆಗೆದು ತೋಟಕ್ಕೆ ಬಿಡುವುದು, ಹಗಲಿನದ್ದನ್ನು ಸಂಜೆ. ತೂಬು ತೆಗೆಯಲು ಮರೆತರೆ ನೀರು ಏರಿ ಮೇಲಿಂದ ಹರಿದು ತೋಡಿಗೆ ಹೋಗುತ್ತದೆ. ಉತ್ಪತ್ತಿಗೆ ಒಂದು ವೇಗ, ಸಂಗ್ರಹಕ್ಕೆ ಒಂದು ಮಿತಿ, ತುಂಬುವ ಹೊತ್ತು ಎಂದರೆ ಒಂದನ್ನು ಇನ್ನೊಂದರಿಂದ ಭಾಗಿಸಿದ್ದು. ನಮ್ಮಜ್ಜ ಟ್ರಾವಿಯನ್ ಆಡಿದ್ದರೆ ನಮಗಿಂತ ಚೆನ್ನಾಗಿ ಆಡುತ್ತಿದ್ದರು!

ಆದರೆ ಅಜ್ಜ ಎರಡು ಗಂಟೆ ರಾತ್ರಿಗೆ ಎದ್ದದ್ದಿಲ್ಲ. ಕೆರೆ ಬೇಗ ತುಂಬುತ್ತದೆ ಎಂದಾದರೆ ಬೇಸಿಗೆಯಲ್ಲಿ ಹಾರೆ ಹಿಡಿದು ಕೆರೆಯನ್ನು ಎರಡು ಮೊಳ ಅಗಲ ಮಾಡಿದರು, ಅಷ್ಟೇ. ರಾತ್ರಿಯ ನೀರೆಲ್ಲ ಅದರಲ್ಲಿ ನಿಂತಿತು. ಕೆರೆ ಅಗಲ ಮಾಡಿದ್ದಕ್ಕೆ ಸುರಂಗದ ನೀರೇನೂ ಸಿಟ್ಟಿನಿಂದ ಜೋರಾಗಿ ಬರಲಿಲ್ಲ.

ಈಗ ಬೋರ್ಡಿನ ಲೆಕ್ಕಕ್ಕೆ ಬರೋಣ. ಹುಡುಗನೇ ಅಂಕಿ ಹೇಳಿದ, ಬಾಯಿಪಾಠ ಇತ್ತು ಅವನಿಗೆ. ಒಂದು ಗಣಿ ಗಂಟೆಗೆ 600 ಕೊಡುತ್ತದೆ, 2,400 ಹಿಡಿಯುತ್ತದೆ. ಭಾಗಿಸಿ ಎಂದೆವು. ನಾಲ್ಕು ಗಂಟೆ. ಸರಿ, ಗಣಿಯನ್ನು ಒಂದು ಮಟ್ಟ ಏರಿಸಿದರೆ? ಗಂಟೆಗೆ 800, ಹಿಡಿಯುವುದು 3,200. ಮತ್ತೊಂದು ಮಟ್ಟ? ಗಂಟೆಗೆ 1,000, ಹಿಡಿಯುವುದು 4,000. ಎದುರಿನ ಬೆಂಚಿನ ಒಬ್ಬಳು ಹುಡುಗಿ, ಸಾಮಾನ್ಯವಾಗಿ ಬಾಯೇ ಬಿಡದವಳು, ಮೆಲ್ಲಗೆ ಹೇಳಿದಳು: "ಸರ್, ಎಲ್ಲ ನಾಲ್ಕೇ ಬರ್ತದಲ್ಲ?"

ಹೌದಲ್ಲ! ಗಣಿಯ ಮಾಲಿಕ ಎರಡು ತಿಂಗಳಿಂದ ಆಡುತ್ತಿದ್ದಾನೆ, ಇದನ್ನು ಗಮನಿಸಿರಲಿಲ್ಲ. ಎಷ್ಟು ದುಡಿದು ಎಷ್ಟು ಏರಿಸಿದರೂ ಭಾಗಾಕಾರದ ಉತ್ತರ ನಾಲ್ಕು. ಅಲಾರಾಂ ಎರಡು ಗಂಟೆಗೇ. ಇಲ್ಲಿ ಕೆರೆಯನ್ನು ಅಗಲ ಮಾಡಿದ ಹಾಗೆಲ್ಲ ಸುರಂಗದ ನೀರೂ ಅಷ್ಟೇ ಜೋರಾಗುತ್ತದೆ. ಆ ನಾಲ್ಕನ್ನು ಯಾರೋ ಕೂತು ಲೆಕ್ಕ ಹಾಕಿ ಇಟ್ಟಿದ್ದಾರೆ. ಹುಡುಗ ಸ್ವಲ್ಪ ಹೊತ್ತು ಬೋರ್ಡನ್ನೇ ನೋಡುತ್ತಾ ಕೂತ. ಆಮೇಲೆ ಹೇಳಿದ, ನಾಲ್ಕನ್ನು ಎಂಟು ಮಾಡುವ ಒಂದು ದಾರಿ ಉಂಟಂತೆ. ಅಂಗಡಿಯಲ್ಲಿ ದೊಡ್ಡ ಗಣಿ ಸಿಗುತ್ತದೆ. ಅದಕ್ಕೆ ಆಟದ ಚಿನ್ನ ನಡೆಯುವುದಿಲ್ಲ, ಅಪ್ಪನ ದುಡ್ಡೇ ಬೇಕು.

ನಮ್ಮ ತಕರಾರು ಇಲ್ಲಿದೆ. ಉಗ್ರಾಣದ ಮಿತಿ ಇಟ್ಟದ್ದಕ್ಕಲ್ಲ, ಆ ಮಿತಿಯಿಂದ ಏನು ಕೆಲಸ ಮಾಡಿಸುತ್ತಾರೆ ಎಂಬುದಕ್ಕೆ. ಡ್ಯೂನಿನ ಕಣಜ 'ಯೋಚಿಸಿ ಖರ್ಚು ಮಾಡು' ಎನ್ನುತ್ತಿತ್ತು. ಈ ಗಣಿ 'ಬಾ' ಎನ್ನುತ್ತದೆ, ನಾಲ್ಕು ಗಂಟೆಗೊಮ್ಮೆ. ಬಂದು ಮಾಡುವುದೇನು? ಬೆರಳಿನಿಂದ ಮುಟ್ಟುವುದು. ಅದರಲ್ಲಿ ಯೋಚನೆ ಇಲ್ಲ, ಜಾಣತನ ಇಲ್ಲ, ಸೋಲು ಗೆಲುವು ಇಲ್ಲ. ಇದೇ ಕೆಲಸವನ್ನು 'ಫಾರ್ಮ್‌ವಿಲ್' ಎಂಬ ಆಟ 2009ರಲ್ಲೇ ಫೇಸ್‌ಬುಕ್ಕಿನಲ್ಲಿ ಮಾಡಿಸಿತ್ತು, ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬೆಳೆ ಬಾಡುತ್ತಿತ್ತು. ದೊಡ್ಡ ದೊಡ್ಡವರೇ ಅಲಾರಾಂ ಇಟ್ಟು ಎದ್ದು ಇಲ್ಲದ ಗದ್ದೆ ಕೊಯ್ದ ಕಾಲ ಅದು. ಆ ಆಟ 2020ರ ಕೊನೆಯ ದಿನ ಮುಚ್ಚಿತು.

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದೂ ನಿಜ. ಫಿನ್ಲೆಂಡಿನ ಸೂಪರ್‌ಸೆಲ್ ಕಂಪೆನಿ 2012ರಲ್ಲಿ ಹೊರತಂದ 'ಕ್ಲ್ಯಾಶ್ ಆಫ್ ಕ್ಲ್ಯಾನ್ಸ್' ಹೆಚ್ಚಿನವರಿಗೆ ಗೊತ್ತು. ನಮ್ಮ ಹಳೇ ವಿದ್ಯಾರ್ಥಿಗಳು ಈಗಲೂ ಆಡುತ್ತಾರೆ, ಅವರಲ್ಲಿ ಒಬ್ಬನಿಂದ ಕೂತು ಕಲಿತೆವು. ಅಲ್ಲಿಯೂ ಗಣಿ ತುಂಬಿದರೆ ನಿಲ್ಲುತ್ತದೆ. ಆದರೆ ಮೇಲಿನ ಮಟ್ಟದ ಗಣಿ ತುಂಬಲು ಒಂದು ದಿನಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಅಂದರೆ ದಿನಕ್ಕೊಮ್ಮೆ ಇಣುಕಿದರೂ ಸಾಕು, ನಿದ್ದೆಗೆಡಬೇಕಾಗಿಲ್ಲ. ಭಾಗಾಕಾರ ಒಂದೇ, ಉತ್ತರ ಬೇರೆ, ಆ ಉತ್ತರದಲ್ಲಿ ಕಟ್ಟಿದವರ ಮನಸ್ಸು ಕಾಣುತ್ತದೆ.

ಅಲ್ಲಿ ಸಂಗ್ರಹದ ಚಾಲಾಕು ಇನ್ನೊಂದು ಕಡೆ ಇದೆ. ಏನನ್ನಾದರೂ ಏರಿಸಬೇಕಾದರೆ ಅದರ ಪೂರ್ತಿ ಬೆಲೆ ಒಂದೇ ಸಲಕ್ಕೆ ಉಗ್ರಾಣದಲ್ಲಿ ಇರಬೇಕು, ಕಂತಿನಲ್ಲಿ ಕೊಡಲಿಕ್ಕಿಲ್ಲ. ಆದ್ದರಿಂದ ಬೆಲೆ ಉಗ್ರಾಣದ ಮಿತಿಗಿಂತ ಹೆಚ್ಚಿದ್ದರೆ ಮೊದಲು ಉಗ್ರಾಣ, ಆಮೇಲೆ ಉಳಿದದ್ದು. ದೊಡ್ಡ ಕೆಲಸಕ್ಕೆ ಉಗ್ರಾಣ ಹೆಚ್ಚುಕಮ್ಮಿ ಕಂಠಪೂರ್ತಿ ತುಂಬಬೇಕು. ಆದರೆ ತುಂಬಿದ ಉಗ್ರಾಣ ಕಂಡರೆ ನೆರೆಯವರು ಬಿಡುತ್ತಾರೆಯೇ? ಕೂಡಿಟ್ಟಷ್ಟೂ ದಾಳಿಗೆ ಆಸೆ. ಗಣಿಯಲ್ಲೇ ಬಿಟ್ಟ ಚಿನ್ನದಲ್ಲಿ ದೊಡ್ಡ ಪಾಲು ಹೋಗುತ್ತದೆ, ಉಗ್ರಾಣಕ್ಕೆ ಸಾಗಿಸಿದ್ದರಲ್ಲಿ ಸಣ್ಣ ಪಾಲು. ಅದಕ್ಕೇ ಬುದ್ಧಿವಂತರು ಮಲಗುವ ಮೊದಲು ಉಳಿದದ್ದನ್ನೆಲ್ಲ ಗೋಡೆಗೆ ಸುರಿಯುತ್ತಾರೆ. ಬೇರೆ ಕಟ್ಟಡ ಏರಿಸಲು ಗಂಟೆ, ದಿನ ಹಿಡಿದರೆ ಗೋಡೆ ಮಾತ್ರ ಮುಟ್ಟಿದ ಕೂಡಲೇ ಏರುತ್ತದೆ. ಉಳಿತಾಯವನ್ನು ಯಾವ ರೂಪದಲ್ಲಿ ಇಟ್ಟರೆ ಕಳ್ಳ ಒಯ್ಯಲಾರ ಎಂಬುದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ವಿದ್ಯೆ, ಅವರು ಬಳೆ ಮಾಡಿಸಿ ಕೈಗೆ ಹಾಕಿಕೊಳ್ಳುತ್ತಿದ್ದರು. ಇದು ಒಳ್ಳೆಯ ಆಟದ ಗುಣ ಎಂದು ನಾವು ಒಪ್ಪುತ್ತೇವೆ. ಇಲ್ಲಿ ಮಿತಿಯಿಂದ ನಿಜವಾದ ಆಯ್ಕೆ ಹುಟ್ಟುತ್ತದೆ.

ಹಾಗೆಂದು ಆ ಕಂಪೆನಿಗೆ ಪುಣ್ಯದ ಪಟ್ಟ ಕಟ್ಟುತ್ತಿಲ್ಲ. ಹರಳು ಎಂಬ ಬೇರೊಂದು ನಾಣ್ಯ ಅಲ್ಲೂ ಇದೆ, ದುಡ್ಡಿಗೆ ಸಿಗುತ್ತದೆ, ಖಾಲಿ ಉಗ್ರಾಣವನ್ನು ಅದು ಕ್ಷಣದಲ್ಲಿ ತುಂಬಿಸುತ್ತದೆ, ಕಾಯುವ ಹೊತ್ತನ್ನು ಅಳಿಸುತ್ತದೆ. ಚೀನಾದ ಟೆನ್ಸೆಂಟ್ ಮುಂದಾಳಾಗಿ ನಿಂತ ಹೂಡಿಕೆದಾರರು 2016ರಲ್ಲಿ ಆ ಕಂಪೆನಿಯ ಬಹುಪಾಲನ್ನು ಕೊಂಡದ್ದು ಸುಮಾರು 860 ಕೋಟಿ ಡಾಲರಿಗೆ. ಪುಕ್ಕಟೆ ಆಟ ಕೊಡುವವರಿಗೆ ಅಷ್ಟು ಬೆಲೆ ಎಲ್ಲಿಂದ ಬಂತು ಎಂದು ಮಕ್ಕಳನ್ನೇ ಕೇಳಿದೆವು. ಉತ್ತರ ಅವರೇ ಹೇಳಿದರು. ಕಾಯಲಾರದವರಿಂದ.

ಬೋರ್ಡಿನ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಹುಡುಗನ ಹತ್ತಿರ ಐದು ಗಣಿ, ಒಟ್ಟು ಗಂಟೆಗೆ 3,000. ದಿನಚರಿ ಬರೆಸಿದೆವು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಎಂಟು ಗಂಟೆ ಮಲಗಿದರೆ ಗಣಿ ದುಡಿಯುವುದು ನಾಲ್ಕೇ ಗಂಟೆ. ಆರರಿಂದ ಒಂಬತ್ತು, ಮೂರು ಗಂಟೆ ಪೂರ್ತಿ. ಒಂಬತ್ತಕ್ಕೆ ಮನೆ ಬಿಟ್ಟರೆ ಐದಕ್ಕೆ ವಾಪಸ್, ಅಲ್ಲಿ ಮತ್ತೆ ನಾಲ್ಕು ಗಂಟೆ ಮಾತ್ರ. "ಶಾಲೆಯಿಂದ ಕೂಡ ಲಾಸ್ ಸರ್" ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು, ಎಲ್ಲರೂ ನಕ್ಕರು, ನಾವೂ. ಸಂಜೆ ಐದರಿಂದ ಹತ್ತರವರೆಗೆ ನಡುವೆ ಒಮ್ಮೆ ಮುಟ್ಟಿದರೆ ಐದು ಗಂಟೆ ಪೂರ್ತಿ. ಒಟ್ಟು 16 ಗಂಟೆ, 48,000. ಎರಡು ಗಂಟೆಗೆ ಎದ್ದರೆ 20 ಗಂಟೆ, 60,000. ಅವನಿಗೆ ಬೇಕಾಗಿದ್ದ ಕೋಟೆಗೆ ಬೆಲೆ 2,40,000. ನಿದ್ದೆ ಮಾಡಿದರೆ ಐದು ದಿನ, ನಿದ್ದೆಗೆಟ್ಟರೆ ನಾಲ್ಕು.

ನಾಲ್ಕು ರಾತ್ರಿ ಎದ್ದು ಉಳಿಸಿದ್ದು ಒಂದು ದಿನ. ಒಂದು ದಿನ ತಡವಾದರೆ ಕೋಟೆ ಎಲ್ಲಿಗೂ ಓಡಿಹೋಗುವುದಿಲ್ಲ. ಇದನ್ನು ನಾವು ಹೇಳಿದ್ದರೆ ಉಪದೇಶ ಆಗುತ್ತಿತ್ತು. ಅವನೇ ಭಾಗಿಸಿದ, ಅವನೇ ಎರಡು ಸಲ ತಾಳೆ ನೋಡಿದ.

ಇನ್ನೊಂದು ಸಂಗತಿ, ಸ್ವಲ್ಪ ನಮ್ಮ ಗಡಿನಾಡಿನ ಹೊಟ್ಟೆನೋವು ಎಂದು ಬೇಕಾದರೆ ತಿಳಿಯಿರಿ. ಆಟದಲ್ಲಿ ಎಲ್ಲ ಹೆಸರೂ ಇಂಗ್ಲಿಷು, ಮಕ್ಕಳ ಮಾತು ನಡುವೆ ಮಲಯಾಳ, ಮನೆಯಲ್ಲಿ ತುಳುವೋ ಬ್ಯಾರಿಯೋ ಹವ್ಯಕವೋ. ಲೆಕ್ಕವನ್ನು ಕನ್ನಡದಲ್ಲಿ ಬರೆದು ತನ್ನಿ ಎಂದಾಗ 'ಸ್ಟೋರೇಜ್' ಪದಕ್ಕೆ ಏನು ಬರೆಯುವುದೆಂದು ಗಲಾಟೆಯಾಯಿತು. ಉಗ್ರಾಣ ಎಂದರು ಕೆಲವರು. ಕಣಜ ಪಾಠದಲ್ಲಿ ಓದಿದ್ದು ನೆನಪಾಯಿತು. ಒಬ್ಬ ಮನೆಗೆ ಹೋಗಿ ಅಜ್ಜಿಯನ್ನು ಕೇಳಿ 'ಪತ್ತಾಯ' ತಂದ. ಅಟ್ಟದ ಮೇಲೆ ಹಳೇ ಪತ್ತಾಯ ಈಗಲೂ ಇದೆಯಂತೆ, ಅದರಲ್ಲಿ ಈಗ ಹಳೇ ಬಟ್ಟೆ ತುಂಬಿದ್ದಾರೆ. ಗದ್ದೆಗಳೆಲ್ಲ ತೋಟವಾದ ಮೇಲೆ ಭತ್ತ ಎಲ್ಲಿಂದ ಬರಬೇಕು? ಇರಲಿ. ಆ ದಿನದಿಂದ ನಮ್ಮ ತರಗತಿಯಲ್ಲಿ ಚಿನ್ನ ಇಡುವ ಜಾಗಕ್ಕೆ ಪತ್ತಾಯ ಎಂದೇ ಹೆಸರು.

ನಾವು ಅಧ್ಯಾಪಕರು ಇಂಥ ಆಟಗಳನ್ನು ಎರಡೇ ರೀತಿಯಲ್ಲಿ ನೋಡುತ್ತೇವೆ. ಒಂದೋ ಬೈಯುವುದು, ಇಲ್ಲವೇ 'ಆಟದಿಂದ ಕಲಿಕೆ' ಎಂದು ತರಬೇತಿಯಲ್ಲಿ ಚಪ್ಪಾಳೆ ಹೊಡೆಯುವುದು. ಎರಡರಲ್ಲೂ ಆಟವನ್ನು ಬಿಚ್ಚಿ ನೋಡುವ ಕೆಲಸ ಇಲ್ಲ. ಪುಸ್ತಕದ ತೊಟ್ಟಿ ಎಂದರೆ ತೂಕಡಿಸುವ ಹುಡುಗನಿಗೆ ಐದು ಗಣಿಯ ವೇಗ, ಮಿತಿ, ಬೆಲೆ ಎಲ್ಲ ಬಾಯಿಪಾಠ ಇರುವಾಗ ಲೆಕ್ಕ ಬಾರದವನು ಅವನಲ್ಲ. ನಾವು ಕೊಡುವ ತೊಟ್ಟಿ ಯಾರದ್ದೂ ಅಲ್ಲದ ತೊಟ್ಟಿ, ಅದು ತುಂಬಿದರೆಷ್ಟು ಬಿಟ್ಟರೆಷ್ಟು? ಏಳನೇ ತರಗತಿಗೆ ಭಾಗಾಕಾರ ಹೊಸತಲ್ಲ. ಯಾವುದನ್ನು ಯಾವುದರಿಂದ ಭಾಗಿಸಬೇಕು ಎಂದು ತೋರಿಸಲು ಒಂದು ಪಿರಿಯಡ್ ಸಾಕಾಯಿತು. ಇದನ್ನು ಬೇರೆ ಶಾಲೆಯವರೂ ಮಾಡಿ ನೋಡಬಹುದು. ಮಕ್ಕಳು ಆಡುವ ಆಟ ಯಾವುದೇ ಇರಲಿ, ಮೂರು ಅಂಕಿ ಕೇಳಿ: ಗಂಟೆಗೆ ಎಷ್ಟು ಬರುತ್ತದೆ, ಎಷ್ಟು ಹಿಡಿಯುತ್ತದೆ, ಏರಿಸಿದ ಮೇಲೆ ಆ ಎರಡೂ ಎಷ್ಟಾಗುತ್ತವೆ. ಉತ್ತರ ಎಂಟಕ್ಕಿಂತ ಕಮ್ಮಿ ಬಂದರೆ ಅದು ಮಕ್ಕಳ ನಿದ್ದೆಗೆ ಕೈ ಹಾಕುವ ಆಟ ಎಂದು ನಾವು ಗುರುತು ಹಾಕಿಕೊಂಡಿದ್ದೇವೆ. ಶಾಸ್ತ್ರೀಯವೇನಲ್ಲ, ನಮ್ಮದೇ ಅಳತೆ.

ಹುಡುಗ ಆಟ ಬಿಟ್ಟನೇ ಎಂದು ಕೇಳುತ್ತೀರಿ. ಬಿಡಲಿಲ್ಲ. ಕೋಟೆ ಐದನೇ ದಿನ ಎದ್ದಿತು ಎಂದು ಬಂದು ಹೇಳಿದ. ಅಲಾರಾಂ ತೆಗೆದಿದ್ದಾನೆ ಎಂದು ಅವನ ಅಮ್ಮ ಹೇಳಿದರು, ಆದರೆ ಮಧ್ಯೆ ಒಂದೆರಡು ದಿನ ಅಭ್ಯಾಸಬಲದಿಂದ ಎರಡಕ್ಕೇ ಎಚ್ಚರವಾಗಿ ಫೋನ್ ನೋಡಿದ್ದೂ ಉಂಟಂತೆ. ಈಗ ಅವನೂ ಆ ಮಾತಾಡದ ಹುಡುಗಿಯೂ ಸೇರಿ ಕಾಗದದ ಮೇಲೆ ತಮ್ಮದೇ ಒಂದು ಆಟ ಬರೆಯುತ್ತಿದ್ದಾರೆ. ಗಣಿ ಇಲ್ಲ, ಸುರಂಗ ಮತ್ತು ಕೆರೆ. ಕೆರೆ ತುಂಬಲು ಹನ್ನೆರಡು ಗಂಟೆ ಇಟ್ಟಿದ್ದಾರೆ. ಪತ್ತಾಯಕ್ಕೆ ಎಷ್ಟು ಮುಡಿ ಅಕ್ಕಿಯ ಮಿತಿ ಇಡಬೇಕು ಎಂಬ ವಿಷಯದಲ್ಲಿ ಮೊನ್ನೆಯಿಂದ ಇಬ್ಬರಿಗೂ ಜಗಳ. ನಮ್ಮ ಹತ್ತಿರ ತೀರ್ಪು ಕೇಳಿದ್ದಾರೆ, ಸೋಮವಾರದೊಳಗೆ ಹೇಳಬೇಕು.